ವಿಷ ಹುಟ್ಟುವ ಜಾಗ: ಚಿಪ್‌ನೊಳಗಿನ ಯಕೃತ್ತು ಏನನ್ನು ತೋರಿಸುತ್ತದೆ

(ಶಿವಮೊಗ್ಗದಲ್ಲಿ ವಿಜ್ಞಾನ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಪ್ಯಾರಾಸಿಟಮಾಲ್ ಇಲ್ಲದ ಮನೆ ಇಂದು ಮಲೆನಾಡಿನಲ್ಲಿ ಸಿಗುವುದು ಕಷ್ಟ. ಮಳೆಗಾಲದಲ್ಲಿ ಇಲಿಜ್ವರ, ಚಳಿಗಾಲ ಮುಗಿಯುವ ಹೊತ್ತಿಗೆ ಮಂಗನ ಕಾಯಿಲೆ, ನಡುವೆ ಹೆಸರು ಗೊತ್ತಾಗದ ಹಲವು ಜ್ವರಗಳು. ಯಾವುದೇ ಇರಲಿ, ಮೊದಲು ಕೈ ಹೋಗುವುದು ಆ ಮಾತ್ರೆಗೆ. ಅದು ಯಕೃತ್ತಿಗೆ ಕೆಟ್ಟದ್ದು ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಿದರೆ ಇವತ್ತಿನ ವಿಷಯದ, ಅಂದರೆ ಸಣ್ಣ ನಾಳಗಳಲ್ಲಿ ದ್ರವ ಹರಿಸುತ್ತ ಯಕೃತ್ತಿನ ಕೋಶಗಳನ್ನು ಬದುಕಿಸಿಡುವ ಚಿಪ್ ಎಂಬ ಪುಟ್ಟ ಸಾಧನದ, ಬಾಗಿಲು ತೆರೆದುಕೊಳ್ಳುತ್ತದೆ.

ನುಂಗಿದ ಪ್ಯಾರಾಸಿಟಮಾಲ್‌ನ ಬಹುಪಾಲನ್ನು ಯಕೃತ್ತು ಗ್ಲುಕುರೊನಿಕ್ ಆಮ್ಲ ಅಥವಾ ಸಲ್ಫೇಟಿನೊಂದಿಗೆ ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದಲ್ಲಿ ಹೊರಹೋಗಲು ಬಿಡುತ್ತದೆ. ಉಳಿದ ಶೇ 5ರಿಂದ 10ರಷ್ಟು ಭಾಗ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಗುಂಪಿಗೆ, ಅದರಲ್ಲೂ ಸಿವೈಪಿ2ಇ1 ಎಂಬ ಕಿಣ್ವಕ್ಕೆ ಸಿಕ್ಕಿ ಎನ್‌ಎಪಿಕ್ಯೂಐ ಎಂಬ ಬಹಳ ಚುರುಕಾದ ವಸ್ತುವಾಗುತ್ತದೆ. ಕೋಶದಲ್ಲಿ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತುವಿನ ದಾಸ್ತಾನು ಇರುವವರೆಗೆ ಅದು ಹುಟ್ಟಿದ ಕ್ಷಣದಲ್ಲೇ ಸೆರೆಯಾಗುತ್ತದೆ. ದಾಸ್ತಾನು ಬರಿದಾದರೆ ಕೋಶದ ಪ್ರೋಟೀನುಗಳಿಗೆ, ಮುಖ್ಯವಾಗಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಪ್ರೋಟೀನುಗಳಿಗೆ ಅಂಟಿಕೊಂಡು ಕೋಶವನ್ನು ಕೊಲ್ಲುತ್ತದೆ. ಮಿತಿಮೀರಿ ನುಂಗಿದವರಿಗೆ ಆಸ್ಪತ್ರೆಯಲ್ಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಡುವುದು ಈ ದಾಸ್ತಾನನ್ನು ಮತ್ತೆ ತುಂಬಿಸಲಿಕ್ಕೆ. ಮೊದಲ 8 ಗಂಟೆಗಳೊಳಗೆ ಕೊಟ್ಟರೆ ಅದು ಬಹುಮಟ್ಟಿಗೆ ಯಕೃತ್ತನ್ನು ಉಳಿಸುತ್ತದೆ. ಅಂದರೆ ಇಲ್ಲಿ ವಿಷವನ್ನು ತಯಾರಿಸುವುದು ಯಕೃತ್ತೇ. ಅದು ಎಲ್ಲಿ, ಎಷ್ಟು ಹೊತ್ತಿನಲ್ಲಿ, ಎಷ್ಟು ದಾಸ್ತಾನಿನ ಎದುರು ತಯಾರಾಗುತ್ತದೆ ಎಂಬುದನ್ನು ಬಿಟ್ಟು, ‘ಈ ವಸ್ತು ವಿಷವೇ?’ ಎಂದು ಕೇಳಿದರೆ ಆ ಪ್ರಶ್ನೆ ಅಪೂರ್ಣವಾಗುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಅಪೂರ್ಣತೆಯ ಸುತ್ತಲೇ ಇದೆ.

‘ಎಲ್ಲಿ’ ಎಂಬುದನ್ನು ಮೊದಲು ನೋಡೋಣ. ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ ಬರುತ್ತದೆ; ಅದರಲ್ಲಿ ಆಹಾರ, ಔಷಧ ಎಲ್ಲ ಇರುತ್ತದೆ, ಆಮ್ಲಜನಕ ಮಾತ್ರ ಕಡಿಮೆ. ಉಳಿದ ಕಾಲು ಭಾಗ ಅಪಧಮನಿಯಿಂದ ಬರುತ್ತದೆ. ಇವೆರಡೂ ಸೇರಿ ಸೈನುಸಾಯ್ಡ್ ಎಂಬ ಬಹಳ ಸಣ್ಣ ರಕ್ತನಾಳಗಳಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ ದೂರ ಹರಿದು ನಡುವಿನ ಅಭಿಧಮನಿಯನ್ನು ಸೇರುತ್ತವೆ. ಆ ಚಿಕ್ಕ ದಾರಿಯ ಎರಡೂ ಬದಿಗೆ ಹೆಪಟೋಸೈಟ್ ಎಂಬ ಮುಖ್ಯ ಕೋಶಗಳು ಸಾಲುಗಟ್ಟಿವೆ. ಇಳಿಜಾರಿನ ಗದ್ದೆಗಳಲ್ಲಿ ನೀರು ಮೇಲಿನ ಮಡಿಯಿಂದ ಬದುವಿನ ಕಂಡಿಯ ಮೂಲಕ ಕೆಳಗಿನ ಮಡಿಗೆ ಇಳಿಯುವುದನ್ನು ಕಂಡಿರುವ ನಿಮಗೆ ಇದನ್ನು ಊಹಿಸುವುದು ಸುಲಭ: ಮೇಲಿನವರು ಬೇಕಾದುದನ್ನು ತೆಗೆದುಕೊಂಡ ಮೇಲೆ ಉಳಿದದ್ದು ಮತ್ತು ಮೇಲಿನವರು ಬಿಟ್ಟದ್ದು ಕೆಳಗಿನವರಿಗೆ ಬರುತ್ತದೆ. ರಕ್ತ ಒಳಬರುವಾಗ ಆಮ್ಲಜನಕದ ಒತ್ತಡ 60ರಿಂದ 65 ಮಿಲಿಮೀಟರ್ ಪಾದರಸದಷ್ಟಿದ್ದರೆ ಹೊರಹೋಗುವಾಗ 30ರಿಂದ 35ಕ್ಕೆ ಇಳಿದಿರುತ್ತದೆ. ಈ ಏರಿಳಿತಕ್ಕೆ ತಕ್ಕಂತೆ ಕೋಶಗಳ ಕೆಲಸವೂ ಬೇರೆಯಾಗುತ್ತದೆ. ಸಿವೈಪಿ2ಇ1 ಹೆಚ್ಚಾಗಿರುವುದು ಆಮ್ಲಜನಕ ಕಡಿಮೆ ಇರುವ ಕೊನೆಯ ವಲಯದಲ್ಲಿ, ಗ್ಲುಟಾಥಯೋನ್ ಕಡಿಮೆ ಇರುವುದೂ ಅಲ್ಲಿಯೇ. ಪ್ಯಾರಾಸಿಟಮಾಲ್ ವಿಷಬಾಧೆಯಾದ ಯಕೃತ್ತಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಕಾಣುವುದು ನಡುವಿನ ಅಭಿಧಮನಿಯ ಸುತ್ತ ಸತ್ತ ಕೋಶಗಳ ಉಂಗುರವನ್ನು. ಅದೇ ಹೊತ್ತಿಗೆ ಹೊರ ಅಂಚಿನ ಕೋಶಗಳು ಚೆನ್ನಾಗಿಯೇ ಇರಬಹುದು.

ಈಗ ಈ ಕೋಶಗಳನ್ನು ಯಕೃತ್ತಿನಿಂದ ಬಿಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ, ನಿಂತ ಪೋಷಕ ದ್ರವದಲ್ಲಿ ಇಟ್ಟರೆ ಏನಾಗುತ್ತದೆ? ಒಂದೆರಡು ದಿನಗಳಲ್ಲಿ ಅವು ಚಪ್ಪಟೆಯಾಗುತ್ತವೆ, ಪಿ450 ಕಿಣ್ವಗಳ ಚಟುವಟಿಕೆ ಕುಸಿಯುತ್ತದೆ, ಪಿತ್ತರಸ ಹರಿಯುವ ಸಣ್ಣ ನಾಲೆಗಳು ಕೆಡುತ್ತವೆ. ಆ ಸ್ಥಿತಿಯಲ್ಲಿ ಪ್ಯಾರಾಸಿಟಮಾಲ್ ಹಾಕಿದರೆ ಅವು ಸಾಯದೆ ಉಳಿಯುವ ಸಾಧ್ಯತೆ ಹೆಚ್ಚು. ವಿಷವನ್ನು ತಯಾರಿಸುವ ಕಿಣ್ವವನ್ನೇ ಅವು ಕಳೆದುಕೊಂಡಿರುವುದೇ ಅದಕ್ಕೆ ಕಾರಣ, ಔಷಧ ಸುರಕ್ಷಿತ ಎಂಬುದಲ್ಲ. ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿರುವ ಹೆಪ್‌ಜಿ2 ಎಂಬ ಕೋಶಸಾಲು ಸುಲಭವಾಗಿ ಬೆಳೆಯುತ್ತದೆ, ಆದರೆ ಅದು ಯಕೃತ್ತಿನ ಗಡ್ಡೆಯಿಂದ ಬಂದದ್ದು, ಈ ಕಿಣ್ವಗಳು ಅದರಲ್ಲಿ ಮೊದಲಿನಿಂದಲೂ ತೀರ ಕಡಿಮೆ. ಯೋಜನೆಯ ವರದಿಗಳಲ್ಲಿ ‘ಹೆಪ್‌ಜಿ2 ಮೇಲೆ ಪರೀಕ್ಷಿಸಿ ವಿಷಕಾರಿಯಲ್ಲವೆಂದು ಕಂಡುಬಂದಿದೆ’ ಎಂಬ ಸಾಲನ್ನು ಓದುವ ವಿದ್ಯಾರ್ಥಿಗಳು ಆ ಸಾಲಿನ ಮುಂದೆ ಒಂದು ಕ್ಷಣ ನಿಲ್ಲಬೇಕೆಂದು ನನ್ನ ವಿನಂತಿ.

ಮೈಕ್ರೋಫ್ಲುಯಿಡಿಕ್ ಸಾಧನಗಳು, ಅಂದರೆ ಬಹಳ ಸಣ್ಣ ನಾಳಗಳಲ್ಲಿ ದ್ರವ ಹರಿಸುವ ಚಿಪ್‌ಗಳು, ಬಂದದ್ದು ಈ ಕೊರತೆಯ ಎದುರಿಗೆ. ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮೆತುವಾದ ಸಿಲಿಕೋನ್ ರಬ್ಬರಿನಲ್ಲಿ, ಅಂದರೆ ಪಿಡಿಎಂಎಸ್‌ನಲ್ಲಿ, ಕೂದಲೆಳೆಯಷ್ಟು ಅಗಲದ ನಾಳಗಳನ್ನು ಅಚ್ಚು ಹಾಕಿ ತೆಗೆಯುವ ವಿಧಾನವನ್ನು ಬೆಳೆಸಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಶುಲರ್ ಹಲವು ಅಂಗಗಳ ಕೋಶಗಳನ್ನು ಹರಿಯುವ ದ್ರವದಿಂದ ಒಂದಕ್ಕೊಂದು ಜೋಡಿಸುವ ಪ್ರಯತ್ನವನ್ನು ಆರಂಭಿಸಿದ್ದರು. 2010ರಲ್ಲಿ ಡೊನಾಲ್ಡ್ ಇಂಗ್ಬರ್ ಅವರ ತಂಡ ಉಸಿರಾಡುವಂತೆ ಹಿಗ್ಗಿ ಕುಗ್ಗುವ ಶ್ವಾಸಕೋಶದ ಚಿಪ್ ಅನ್ನು ಪ್ರಕಟಿಸಿದ ಮೇಲೆ ‘ಚಿಪ್ ಮೇಲಿನ ಅಂಗ’ ಎಂಬ ಮಾತು ಎಲ್ಲ ಕಡೆ ಹರಡಿತು. ಅಚ್ಚು ಮಾಡುವ ಕೆಲಸಕ್ಕೆ ದೂಳಿಲ್ಲದ ಶುದ್ಧ ಕೊಠಡಿ ಬೇಕು. ಅಂಥ ಸೌಲಭ್ಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿದೆ. ಅಚ್ಚು ಒಮ್ಮೆ ಸಿಕ್ಕಿದರೆ ಅದರ ಮೇಲೆ ಪಿಡಿಎಂಎಸ್ ಸುರಿದು, ಒಲೆಯಲ್ಲಿ ಗಟ್ಟಿ ಮಾಡಿ, ಬಿಡಿಸಿ, ಗಾಜಿಗೆ ಅಂಟಿಸುವ ಉಳಿದ ಕೆಲಸವನ್ನು ಪದವಿ ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದು.

ಯಕೃತ್ತಿನ ಚಿಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಮಾದರಿಯನ್ನು ವಿವರಿಸುತ್ತೇನೆ. ಅದರಲ್ಲಿ ಒಂದರ ಮೇಲೊಂದು ಎರಡು ನಾಳಗಳಿವೆ. ಮೇಲಿನದು 1 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ಎತ್ತರ; ಕೆಳಗಿನದರ ಅಗಲ ಅಷ್ಟೇ, ಎತ್ತರ 0.2 ಮಿಲಿಮೀಟರ್. ನಡುವೆ 50 ಮೈಕ್ರೋಮೀಟರ್ ದಪ್ಪದ, 7 ಮೈಕ್ರೋಮೀಟರಿನ ರಂಧ್ರಗಳಿರುವ ಪೊರೆ. ಮೇಲೆ ಹೆಪಟೋಸೈಟ್‌ಗಳು ಜೆಲ್‌ನ ಪದರಗಳ ನಡುವೆ ಕೂರುತ್ತವೆ. ಕೆಳಗೆ ರಕ್ತನಾಳದ ಒಳಗೋಡೆಯ ಕೋಶಗಳು, ಯಕೃತ್ತಿನಲ್ಲಿ ಕಾವಲಿರುವ ಕುಪ್ಫರ್ ಕೋಶಗಳು, ಗಾಯವಾದಾಗ ನಾರು ನೇಯುವ ಸ್ಟೆಲೇಟ್ ಕೋಶಗಳು ಇರುತ್ತವೆ. ಎರಡೂ ನಾಳಗಳಲ್ಲಿ ಗಂಟೆಗೆ ಸುಮಾರು 30 ಮೈಕ್ರೋಲೀಟರ್ ದ್ರವ ಹರಿಯುತ್ತದೆ.

ಈ ಸಂಖ್ಯೆಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಸಾಧನದ ಬಲವೂ ದೌರ್ಬಲ್ಯವೂ ಇವುಗಳಲ್ಲೇ ಇವೆ. ಕೆಳಗಿನ ನಾಳದ ಅಡ್ಡಕೊಯ್ತ 0.2 ಚದರ ಮಿಲಿಮೀಟರ್. ಅದರಲ್ಲಿ ಗಂಟೆಗೆ 30 ಮೈಕ್ರೋಲೀಟರ್, ಅಂದರೆ 30 ಘನ ಮಿಲಿಮೀಟರ್, ಹರಿದರೆ ದ್ರವದ ವೇಗ ಗಂಟೆಗೆ 150 ಮಿಲಿಮೀಟರ್, ಅಂದರೆ ಸೆಕೆಂಡಿಗೆ 0.04 ಮಿಲಿಮೀಟರ್ ಆಗುತ್ತದೆ. ಹರಿವು ಕಲಕುತ್ತದೆಯೇ ಎಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆಯನ್ನು ಲೆಕ್ಕ ಹಾಕಿದರೆ ಅದು 0.01ರ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಸುಳಿಗಳಿಲ್ಲ, ಕಲಕುವಿಕೆಯಿಲ್ಲ. ದ್ರವ ಪದರ ಪದರವಾಗಿ ಜಾರುತ್ತದೆ, ಅಡ್ಡಕ್ಕೆ ಏನಾದರೂ ಸಾಗಬೇಕಾದರೆ ವಿಸರಣೆ, ಅಂದರೆ ಅಣುಗಳು ತಾವಾಗಿಯೇ ಹರಡಿಕೊಳ್ಳುವುದು, ಒಂದೇ ದಾರಿ. ವಿಸರಣೆಗೆ ಬೇಕಾದ ಸಮಯ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗ್ಲೂಕೋಸ್‌ನಂಥ ಅಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಾಟಲು ಏಳೆಂಟು ಸೆಕೆಂಡು ಸಾಕು. ಒಂದು ಸೆಂಟಿಮೀಟರ್ ದಾಟಲು ಸುಮಾರು 20 ಗಂಟೆ ಬೇಕು. ಹಾಗಾಗಿ ಚಿಪ್‌ನಲ್ಲಿ ಒಂದು ಕೋಶ ಬಿಟ್ಟ ಸಂಕೇತ ಪಕ್ಕದ ಕೋಶಕ್ಕೆ ಅದು ದುರ್ಬಲವಾಗುವ ಮೊದಲೇ ಮುಟ್ಟುತ್ತದೆ, ಯಾವ ಕೋಶಕ್ಕೆ ಯಾವಾಗ ಎಷ್ಟು ಔಷಧ ಮುಟ್ಟಿತು ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು.

ಆಮ್ಲಜನಕದ ಲೆಕ್ಕ ಇನ್ನೂ ಮುಖ್ಯ. ಗಾಳಿಯೊಂದಿಗೆ ಸಮತೋಲದಲ್ಲಿರುವ ಪೋಷಕ ದ್ರವದಲ್ಲಿ ಒಂದು ಮೈಕ್ರೋಲೀಟರಿಗೆ ಸುಮಾರು 0.2 ನ್ಯಾನೋಮೋಲ್ ಆಮ್ಲಜನಕ ಕರಗಿರುತ್ತದೆ. ಒಂದು ನಾಳದಲ್ಲಿ ಗಂಟೆಗೆ 30 ಮೈಕ್ರೋಲೀಟರ್ ಹರಿಸಿದರೆ ಒಳಬರುವುದು 6 ನ್ಯಾನೋಮೋಲ್. ಹೆಪಟೋಸೈಟ್‌ಗಳು ಬಹಳ ಆಮ್ಲಜನಕ ಬೇಡುವ ಕೋಶಗಳು. ಹತ್ತು ಲಕ್ಷ ಕೋಶಗಳು ಸೆಕೆಂಡಿಗೆ ಅರ್ಧ ನ್ಯಾನೋಮೋಲ್‌ನಷ್ಟು ಬಳಸುತ್ತವೆಂದು ಹಿಡಿದರೆ, ಚಿಪ್‌ನಲ್ಲಿ 50 ಸಾವಿರ ಕೋಶಗಳಿದ್ದಾಗ ಗಂಟೆಗೆ 90 ನ್ಯಾನೋಮೋಲ್ ಬೇಕು. ಒಂದು ನಾಳದ ಹರಿವು ತರುವುದಕ್ಕಿಂತ ಹದಿನೈದು ಪಟ್ಟು ಹೆಚ್ಚು. ಹಾಗಾದರೆ ಕೋಶಗಳು ಬದುಕುವುದು ಹೇಗೆ? ಪಿಡಿಎಂಎಸ್ ಅನಿಲಗಳನ್ನು ತನ್ನ ಮೂಲಕ ಹಾಯಲು ಬಿಡುವ ರಬ್ಬರು. ಕೊರತೆಯ ಆಮ್ಲಜನಕ ಅದರ ಗೋಡೆಯ ಮೂಲಕವೇ ಒಳಬರುತ್ತದೆ. ಪಿಡಿಎಂಎಸ್‌ನ ದೊಡ್ಡ ದೋಷವೂ ಇಲ್ಲೇ ಇದೆ. ಕೊಬ್ಬಿನಲ್ಲಿ ಕರಗುವ ಸಣ್ಣ ಔಷಧ ಅಣುಗಳನ್ನು ಅದು ಹೀರಿಕೊಳ್ಳುತ್ತದೆ. ಕೊಳವೆಯಲ್ಲಿ ನಾವು ಹಾಕಿದ ಪ್ರಮಾಣ ಒಂದು, ಕೋಶ ಕಂಡ ಪ್ರಮಾಣ ಇನ್ನೊಂದು. ಕೋಶ ಸಾಯಲಿಲ್ಲವೆಂದು ಔಷಧ ಸುರಕ್ಷಿತವೆಂದರೆ ಅದು ರಬ್ಬರಿನ ಗುಣವನ್ನು ಔಷಧದ ಗುಣವೆಂದು ಬರೆದಂತಾಗುತ್ತದೆ. ಹೀರಿಕೊಳ್ಳದ ಗಾಜು ಅಥವಾ ಗಟ್ಟಿ ಪ್ಲಾಸ್ಟಿಕ್ ಬಳಸಿದರೆ ಆಮ್ಲಜನಕದ ದಾರಿ ಮುಚ್ಚಿಹೋಗುತ್ತದೆ, ಆಗ ಹರಿವನ್ನು ಹೆಚ್ಚಿಸಬೇಕು, ಹೆಚ್ಚಿಸಿದರೆ ಹೆಪಟೋಸೈಟ್‌ಗಳಿಗೆ ಉಜ್ಜುವಿಕೆ ತಾಗುತ್ತದೆ ಮತ್ತು ಅವು ಬಿಟ್ಟ ಸಂಕೇತಗಳು ಕೊಚ್ಚಿಹೋಗುತ್ತವೆ. ಎಲ್ಲಕ್ಕೂ ಒಪ್ಪುವ ವಸ್ತು ಇನ್ನೂ ಸಿಕ್ಕಿಲ್ಲ. ಆದ್ದರಿಂದ ಹೊರಹರಿವಿನಲ್ಲಿ ಎಷ್ಟು ಔಷಧ ಉಳಿದಿದೆ ಎಂಬುದನ್ನು ಅಳೆಯದ ಚಿಪ್ ಪ್ರಯೋಗವನ್ನು ನಾನು ಒಪ್ಪುವುದಿಲ್ಲ.

ಆಮ್ಲಜನಕ ಹೀಗೆ ಕಡಿಮೆಯಾಗುವುದನ್ನೇ ಉಪಯೋಗಕ್ಕೆ ತಂದವರಿದ್ದಾರೆ. ಅಮೆರಿಕದ ಎಂಐಟಿಯಲ್ಲಿರುವ ಭಾರತೀಯ ಮೂಲದ ಸಂಗೀತಾ ಭಾಟಿಯಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಲಿಯ ಹೆಪಟೋಸೈಟ್‌ಗಳ ಮೇಲೆ ದ್ರವವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಸಿ, ಕೋಶಗಳೇ ದಾರಿಯುದ್ದಕ್ಕೂ ಆಮ್ಲಜನಕ ಬಳಸಿಕೊಂಡು ಯಕೃತ್ತಿನಂಥದೇ ಇಳಿಕೆಯನ್ನು ಉಂಟುಮಾಡುವಂತೆ ಮಾಡಿದರು. ಪಿ450 ಕಿಣ್ವಗಳು ಆಮ್ಲಜನಕ ಕಡಿಮೆಯಿರುವ ತುದಿಯಲ್ಲಿ ಹೆಚ್ಚಾದವು. ಪ್ಯಾರಾಸಿಟಮಾಲ್ ಹರಿಸಿದಾಗ ಅತಿ ಹೆಚ್ಚು ಹಾನಿ ಕಂಡದ್ದೂ ಅದೇ ತುದಿಯಲ್ಲಿ. ಒಂದೇ ಪ್ರಾಣಿಯ, ಒಂದೇ ಬಗೆಯ ಕೋಶಗಳು. ನಿಂತ ಜಾಗ ಬೇರೆಯಾದ್ದರಿಂದ ಒಂದು ಉಳಿಯಿತು, ಒಂದು ಸತ್ತಿತು. ಈ ಕ್ಷೇತ್ರದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಯೋಗವನ್ನು ನಾನು ಕಂಡಿಲ್ಲ. ಇದಾದ ಮೇಲೆ ಬಂದ ಎಷ್ಟೋ ದುಬಾರಿ ಚಿಪ್‌ಗಳು ವಲಯಗಳ ಈ ವ್ಯತ್ಯಾಸವನ್ನು ಬಿಟ್ಟುಕೊಟ್ಟಿವೆ ಎಂಬುದು ನನಗೆ ಬೇಸರದ ಸಂಗತಿ.

ಹಾನಿಯನ್ನು ಅಳೆಯುವುದು ಹೇಗೆ ಎಂದರೆ, ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಿಂದ ನೋಡುವ ಎಎಲ್‌ಟಿ ಕಿಣ್ವವನ್ನೇ ಇಲ್ಲಿ ಹೊರಹರಿವಿನಲ್ಲಿ ನೋಡಬಹುದು. ಆದರೆ ಅದು ಸೋರುವುದು ಕೋಶದ ಪೊರೆ ಒಡೆದ ಮೇಲೆ. ಕೋಶ ದಿನವೂ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣ ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಕುಸಿಯತೊಡಗುತ್ತದೆ. ಚಿಪ್ ಪಾರದರ್ಶಕವಾದ್ದರಿಂದ ಹೊಳೆಯುವ ಬಣ್ಣವೊಂದನ್ನು ಕೊಟ್ಟು ಅದು ಪಿತ್ತನಾಲೆಗಳಿಗೆ ಸಾಗುತ್ತಿದೆಯೇ ಎಂದೂ ದಿನದಿನಕ್ಕೆ ನೋಡಬಹುದು.

ಇಷ್ಟು ಹೇಳಿದ ಮೇಲೆ ಪ್ರಾಣಿಗಳ ಮೇಲಿನ ಪರೀಕ್ಷೆ ಏಕೆ ಸಾಲದು ಎಂಬ ಪ್ರಶ್ನೆಗೆ ಬರುತ್ತೇನೆ. ಪ್ಯಾರಾಸಿಟಮಾಲನ್ನು ಸುಂಡಿಲಿ ತಾಳುವುದಿಲ್ಲ, ದೊಡ್ಡ ಇಲಿ ಸಾಕಷ್ಟು ತಾಳುತ್ತದೆ; ಎರಡೂ ದಂಶಕಗಳೇ. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೆಪಟೈಟಿಸ್ ಬಿ ರೋಗಕ್ಕೆ ಫಿಯಾಲುರಿಡೀನ್ ಎಂಬ ಔಷಧವನ್ನು 15 ಮಂದಿಗೆ ಕೊಡಲಾಯಿತು. ಪ್ರಾಣಿಗಳ ಪರೀಕ್ಷೆಯಲ್ಲಿ ಅದು ಇಂಥ ಅಪಾಯವನ್ನು ತೋರಿಸಿರಲಿಲ್ಲ. ಹಲವು ವಾರಗಳಾದ ಮೇಲೆ 7 ಮಂದಿಯ ಯಕೃತ್ತು ವಿಫಲವಾಯಿತು. 5 ಮಂದಿ ತೀರಿಕೊಂಡರು, ಇಬ್ಬರು ಯಕೃತ್ತಿನ ಕಸಿಯಿಂದ ಉಳಿದರು. ಔಷಧವನ್ನು ಮೈಟೋಕಾಂಡ್ರಿಯಾದೊಳಕ್ಕೆ ಸಾಗಿಸುವ ಒಂದು ಪ್ರೋಟೀನು ಮನುಷ್ಯರ ಮೈಟೋಕಾಂಡ್ರಿಯಾದ ಪೊರೆಯಲ್ಲಿದೆ, ಸುಂಡಿಲಿಯದರಲ್ಲಿ ಅದು ಅಲ್ಲಿಲ್ಲ ಎಂಬ ವಿವರಣೆ ವರ್ಷಗಳ ನಂತರ ಸಿಕ್ಕಿತು. ಈ ಘಟನೆಯಿಂದ ಎರಡು ಬೇಡಿಕೆಗಳು ಹುಟ್ಟುತ್ತವೆ: ಕೋಶ ಮನುಷ್ಯರದ್ದಾಗಿರಬೇಕು, ಮತ್ತು ಅದು ವಾರಗಟ್ಟಲೆ ತನ್ನ ಕೆಲಸವನ್ನು ಮರೆಯದೆ ಬದುಕಬೇಕು. ನಿಂತ ದ್ರವದ ತಟ್ಟೆಗೆ ಎರಡನೆಯದು ಸಾಧ್ಯವಾಗುತ್ತಿರಲಿಲ್ಲ. ಹರಿವಿರುವ ಸಾಧನಗಳಲ್ಲಿ ಎರಡರಿಂದ ನಾಲ್ಕು ವಾರ ಸಾಧ್ಯವಾಗಿದೆ.

2022ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 27 ಔಷಧಗಳನ್ನು 870 ಯಕೃತ್ ಚಿಪ್‌ಗಳ ಮೇಲೆ ಪರೀಕ್ಷಿಸಿದರು. ವಿಷಕಾರಿ ಔಷಧಗಳಲ್ಲಿ ಶೇ 87ರಷ್ಟನ್ನು ಚಿಪ್ ಗುರುತಿಸಿತು, ಸುರಕ್ಷಿತವಾದ ಯಾವುದನ್ನೂ ವಿಷಕಾರಿಯೆಂದು ತಪ್ಪಾಗಿ ಹೇಳಲಿಲ್ಲ. ಇದನ್ನು ಮಾಡಿದವರಲ್ಲಿ ಹೆಚ್ಚಿನವರು ಚಿಪ್ ತಯಾರಿಸುವ ಕಂಪನಿಯವರೇ ಆದ್ದರಿಂದ, ಬೇರೆ ಪ್ರಯೋಗಾಲಯಗಳಲ್ಲಿ ಅದೇ ಫಲಿತಾಂಶ ಮರುಕಳಿಸುವುದು ಅಗತ್ಯ. ಅದೇ ತಿಂಗಳು ಅಮೆರಿಕದಲ್ಲಿ ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆ ಕಡ್ಡಾಯವೆಂಬ ನಿಯಮವನ್ನು ತೆಗೆದುಹಾಕಿದ ಕಾನೂನು ಬಂತು. 2023ರ ಮಾರ್ಚ್‌ನಲ್ಲಿ ಭಾರತವೂ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು ಅಂಗ ಚಿಪ್‌ಗಳಂಥ ವಿಧಾನಗಳಿಗೆ ಜಾಗ ಕೊಟ್ಟಿತು.

ನಮ್ಮ ಊರಿನ ಪ್ರಶ್ನೆಗಳಿಗೆ ಇದರಿಂದ ಏನು ಪ್ರಯೋಜನ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಇಂದಿಗೂ ನೇರವಾದ ಔಷಧವಿಲ್ಲ; ಜ್ವರ ತಗ್ಗಿಸುವುದು, ದ್ರವ ಕೊಡುವುದು, ರಕ್ತಸ್ರಾವವನ್ನು ಗಮನಿಸುವುದು ಇಷ್ಟೇ ಚಿಕಿತ್ಸೆ. ಈ ಕಾಯಿಲೆಯಲ್ಲಿ ಯಕೃತ್ತಿನ ಕಿಣ್ವಗಳು ರಕ್ತದಲ್ಲಿ ಏರುವುದು ಸಾಮಾನ್ಯ. ಅಂಥ ಯಕೃತ್ತಿಗೆ ದಿನಗಟ್ಟಲೆ ಪ್ಯಾರಾಸಿಟಮಾಲ್ ಹೋಗುತ್ತದೆ. ವೈದ್ಯರು ಹೇಳಿದ ಪ್ರಮಾಣದೊಳಗೆ ಈ ಮಾತ್ರೆ ಸುರಕ್ಷಿತವೆಂಬುದನ್ನು ಮತ್ತೆ ಹೇಳುತ್ತೇನೆ, ನನ್ನ ಮಾತು ಕೇಳಿ ಯಾರೂ ಅದನ್ನು ನಿಲ್ಲಿಸಬಾರದು. ನಾನು ಎತ್ತುತ್ತಿರುವುದು ಪ್ರಯೋಗದಿಂದ ಬಿಡಿಸಬೇಕಾದ ಒಂದು ತೊಡಕನ್ನು. ಊಟ ಬಿಟ್ಟ ರೋಗಿಯಲ್ಲಿ ಗ್ಲುಟಾಥಯೋನ್ ತಗ್ಗುತ್ತದೆ, ದೀರ್ಘಕಾಲದ ಮದ್ಯಪಾನ ಸಿವೈಪಿ2ಇ1 ಕಿಣ್ವವನ್ನು ಹೆಚ್ಚಿಸುತ್ತದೆ. ಇವೆರಡೂ ಅಪಾಯವನ್ನು ಏರಿಸುತ್ತವೆ. ಆದರೆ ಉರಿಯೂತದಲ್ಲಿ ಕುಪ್ಫರ್ ಕೋಶಗಳು ಬಿಡುವ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ವಸ್ತು ಅನೇಕ ಪಿ450 ಕಿಣ್ವಗಳನ್ನು ತಗ್ಗಿಸುತ್ತದೆ, ಅದು ಅಪಾಯವನ್ನು ಇಳಿಸಲೂಬಹುದು. ಒಟ್ಟು ಫಲ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಕುಳಿತು ಊಹಿಸಲಾಗದು. ಊಟ ಬಿಟ್ಟ ದೇಹದಲ್ಲಿರುವಂತೆ ಪೋಷಕ ದ್ರವದಲ್ಲಿ ಅಮೈನೋ ಆಮ್ಲ ಕಡಿಮೆ ಮಾಡಿ, ಕುಪ್ಫರ್ ಕೋಶಗಳನ್ನು ಕೆರಳಿಸಿ, ಸಣ್ಣ ಪ್ರಮಾಣವನ್ನು ಆರು ಗಂಟೆಗೊಮ್ಮೆ ಹತ್ತು ದಿನ ಹರಿಸಿ ನೋಡಲು ಚಿಪ್‌ನಲ್ಲಿ ಸಾಧ್ಯ. ರೋಗಿಯಲ್ಲಿ ಹಾಗೆ ಮಾಡುವಂತಿಲ್ಲ.

ಅಮೃತಬಳ್ಳಿಯ ಬಗ್ಗೆ ಇಲ್ಲಿ ಕೆಲವರು ಮೊದಲೇ ಚೀಟಿ ಕಳಿಸಿ ಕೇಳಿದ್ದಾರೆ, ಆದ್ದರಿಂದ ವಿಷಯದಿಂದ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿದ 6 ರೋಗಿಗಳಲ್ಲಿ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು. ಸೇವಿಸಿದ ಸಸ್ಯ ಅದೇ ಜಾತಿಯದೇ, ಹೋಲುವ ಇನ್ನೊಂದು ಬಳ್ಳಿಯೇ ಎಂಬುದು ಖಚಿತವಾಗಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಇದನ್ನು ಚಿಪ್‌ನಿಂದ ತೀರ್ಮಾನಿಸಬಹುದೇ? ಮೊದಲು ಬಳ್ಳಿಯ ಗುರುತನ್ನು ಸಸ್ಯಶಾಸ್ತ್ರಜ್ಞರು ಖಚಿತಪಡಿಸಬೇಕು. ಆಮೇಲೆ, ಕಷಾಯವನ್ನು ನೇರವಾಗಿ ಯಕೃತ್ತಿನ ಕೋಶಗಳ ಮೇಲೆ ಸುರಿಯುವುದರಿಂದ ಏನೂ ತಿಳಿಯದು. ಕರುಳು ಅದರಲ್ಲಿ ಯಾವುದನ್ನು ಒಳಬಿಡುತ್ತದೆ, ರಕ್ತದಲ್ಲಿ ಅದು ಎಷ್ಟಾಗುತ್ತದೆ ಎಂಬುದನ್ನು ಅಳೆದು ಅಷ್ಟನ್ನೇ ಹರಿಸಬೇಕು. ಕೊನೆಯದಾಗಿ, ವರದಿಯಾದ ಹಾನಿ ದೇಹದ ರಕ್ಷಣಾ ಕೋಶಗಳೇ ಯಕೃತ್ತಿನ ಮೇಲೆ ತಿರುಗಿಬೀಳುವ ಬಗೆಯದು. ಅಂಥ ರಕ್ಷಣಾ ಕೋಶಗಳಾದ ಟಿ-ಕೋಶಗಳೇ ಇಲ್ಲದ ಚಿಪ್‌ನಲ್ಲಿ ಅದು ಕಾಣಿಸಿಕೊಳ್ಳುವುದಿಲ್ಲ, ಟಿ-ಕೋಶಗಳನ್ನು ಸೇರಿಸಿದರೂ ಅವು ಯಕೃತ್ತಿನ ಕೋಶ ಕೊಟ್ಟ ವ್ಯಕ್ತಿಯದ್ದೇ ಆಗಿರಬೇಕು, ಇಲ್ಲವಾದರೆ ಪರಕೀಯವೆಂದು ಕೆರಳುತ್ತವೆ. ‘ಚಿಪ್‌ನಲ್ಲಿ ಪರೀಕ್ಷಿಸಿದ್ದೇವೆ, ಹಾನಿಯಿಲ್ಲ’ ಎಂದು ನಾಳೆ ಯಾರಾದರೂ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರೆ ಈ ಮೂರನ್ನೂ ಕೇಳಿ.

‘ಯಾರ ಕೋಶ’ ಎಂಬ ಮಾತು ಬಂದದ್ದರಿಂದ ಅದನ್ನೇ ಮುಂದುವರಿಸುತ್ತೇನೆ. ಇಂಥ ಪ್ರಯೋಗಗಳಿಗೆ ಬಳಸುವ ಮನುಷ್ಯರ ಹೆಪಟೋಸೈಟ್‌ಗಳು ದಾನವಾಗಿ ಬಂದು, ಕೊಬ್ಬು ಹೆಚ್ಚಾಗಿರುವುದು ಮುಂತಾದ ಕಾರಣಗಳಿಂದ ಕಸಿಗೆ ಒಪ್ಪದ ಯಕೃತ್ತುಗಳಿಂದ ಸಿಗುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಸೀಸೆಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಯುರೋಪಿನ ದಾನಿಗಳವು. ರಕ್ತ ಅಥವಾ ಚರ್ಮದ ಕೋಶವನ್ನು ಭ್ರೂಣದಂಥ ಆರಂಭದ ಸ್ಥಿತಿಗೆ ಹಿಂದಕ್ಕೆ ತಿರುಗಿಸಿ ಯಕೃತ್ತಿನ ಕೋಶವನ್ನು ಬೆಳೆಸುವ ದಾರಿ ಜಪಾನಿನ ವಿಜ್ಞಾನಿ ಶಿನ್ಯಾ ಯಾಮಾನಾಕಾ ಅವರ 2006 ಮತ್ತು 2007ರ ಕೆಲಸದಿಂದ ತೆರೆದಿದೆ. ಆದರೆ ಹಾಗೆ ಬೆಳೆದ ಕೋಶಗಳು ಭ್ರೂಣದ ಗುರುತಾದ ಆಲ್ಫಾ-ಫೀಟೋಪ್ರೋಟೀನನ್ನು ಇನ್ನೂ ಬಿಡುತ್ತಿರುತ್ತವೆ, ಪಿ450 ಕಿಣ್ವಗಳು ಅವುಗಳಲ್ಲಿ ದುರ್ಬಲ. ಹರಿವು ಮತ್ತು ನೆರೆಯ ಕೋಶಗಳು ಅವುಗಳನ್ನು ಸ್ವಲ್ಪ ಮಟ್ಟಿಗೆ ಬಲಿಯುವಂತೆ ಮಾಡುತ್ತವೆ.

ಇದು ನಮಗೆ ಎಷ್ಟು ಮುಖ್ಯವೆಂಬುದಕ್ಕೆ ಕ್ಷಯದ ಔಷಧ ಐಸೋನಿಯಾಜಿಡ್ ಸಾಕ್ಷಿ. ಅದನ್ನು ದೇಹದಿಂದ ಕಳಿಸುವಲ್ಲಿ ಎನ್‌ಎಟಿ2 ಎಂಬ ಯಕೃತ್ತಿನ ಕಿಣ್ವದ ಪಾತ್ರ ದೊಡ್ಡದು. ಹುಟ್ಟಿನಿಂದಲೇ ಈ ಕಿಣ್ವ ಕೆಲವರಲ್ಲಿ ನಿಧಾನ, ಕೆಲವರಲ್ಲಿ ಚುರುಕು. ನಿಧಾನವಿರುವವರಲ್ಲಿ ಯಕೃತ್ತಿನ ಹಾನಿಯ ಸಾಧ್ಯತೆ ಹೆಚ್ಚು, ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಧಾನದ ಗುಂಪಿನವರು. ಅದೇ ರೋಗಿ ಜೊತೆಯಲ್ಲಿ ನುಂಗುವ ರಿಫಾಂಪಿಸಿನ್ ಬೇರೆ ಕಿಣ್ವಗಳನ್ನು ಏರಿಸುತ್ತದೆ, ಪೈರಾಜಿನಮೈಡ್ ತನ್ನದೇ ಹೊರೆಯನ್ನು ಸೇರಿಸುತ್ತದೆ. ಮೊದಲ ಎರಡು ತಿಂಗಳು ಈ ಮೂರೂ ಒಟ್ಟಿಗೆ ಹೋಗುತ್ತವೆ. ದೂರದ ಒಬ್ಬ ದಾನಿಯ ಚುರುಕಾದ ಎನ್‌ಎಟಿ2 ಇರುವ ಕೋಶಗಳ ಮೇಲೆ ನಡೆಸಿದ ಪರೀಕ್ಷೆ ತೀರ್ಥಹಳ್ಳಿಯ ಅಥವಾ ಸಾಗರದ ರೋಗಿಗೆ ಉತ್ತರ ಕೊಡಲಾರದು. ನಿಧಾನ, ಮಧ್ಯಮ, ಚುರುಕು ಎಂಬ ಮೂರೂ ಬಗೆಯ ಇಲ್ಲಿನ ದಾನಿಗಳ ಕೋಶಗಳನ್ನು ಒಂದೇ ಸಾಧನದ ಅಕ್ಕಪಕ್ಕದ ನಾಳಗಳಲ್ಲಿಟ್ಟು, ಮೂರು ಔಷಧಗಳನ್ನೂ ರೋಗಿಯ ರಕ್ತದಲ್ಲಿರುವ ಪ್ರಮಾಣದಲ್ಲೇ ವಾರಗಟ್ಟಲೆ ಹರಿಸಿ, ದಿನವೂ ಆಲ್ಬುಮಿನ್ ಅಳೆಯುವ ಪ್ರಯೋಗಕ್ಕೆ ಬೇಕಾದ ತಂತ್ರವೆಲ್ಲ ಈಗ ಕೈಯಲ್ಲಿದೆ. ಅದಕ್ಕೆ ಮೊದಲು, ಕಸಿಗೆ ಒಪ್ಪದೆ ಉಳಿಯುವ ದಾನದ ಯಕೃತ್ತಿನಿಂದ ಕೋಶಗಳನ್ನು ಕುಟುಂಬದವರ ಒಪ್ಪಿಗೆ ಪಡೆದು, ಎನ್‌ಎಟಿ2 ಬಗೆಯನ್ನು ದಾಖಲಿಸಿ, ನಮ್ಮ ರಾಜ್ಯದಲ್ಲೇ ಹೆಪ್ಪುಗಟ್ಟಿಸಿ ಇಡುವ ವ್ಯವಸ್ಥೆ ಬೇಕು.